ಹಳೆಯ ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಭಾರವಾದರೆ: ಪಂಪ್ ಬಿಚ್ಚುವ ಮೊದಲು ಏನೇನು ನೋಡಬೇಕು

ಹೊಸ ಪಂಪ್ ಹಾಕಿಸಿದರೂ ಸ್ಟೀರಿಂಗ್ ಹಗುರಾಗಲಿಲ್ಲ ಎಂಬ ದೂರು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತರಿಂದ ಪದೇ ಪದೇ ಬರುತ್ತಿದೆ. ತೊಗರಿ ರಾಶಿಯ ಹೊತ್ತಿನಲ್ಲಿ, ಕಬ್ಬಿನ ಟ್ರಾಲಿ ಕಾರ್ಖಾನೆಗೆ ಓಡಾಡುವ ಹೊತ್ತಿನಲ್ಲಿ ಈ ದೂರು ಇನ್ನೂ ಹೆಚ್ಚು. ಕೆಲಸದ ಅವಸರದಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಪಂಪನ್ನು. ನಿಜವಾಗಿ ಅದು ಕೊನೆಗೆ ನೋಡಬೇಕಾದ ಭಾಗ. ಒಣಗಿದ ಕಿಂಗ್ ಪಿನ್ (ಮುಂದಿನ ಗಾಲಿ ಎಡಬಲಕ್ಕೆ ಹೊರಳಲು ಆಧಾರವಾದ ಪಿನ್), ಗಾಳಿ ಎಳೆಯುತ್ತಿರುವ ಪೈಪ್, ಸಿಲಿಂಡರ್ ಒಳಗಿನ ಸವೆದ ಸೀಲ್ ಇವುಗಳಲ್ಲಿ ಯಾವುದಿದ್ದರೂ ಹೊಸ ಪಂಪ್ ಏನೂ ಮಾಡಲಾರದು.

ಹಾಗಾಗಿ ಕ್ರಮ ಮುಖ್ಯ. ಮೊದಲು ಗಾಲಿ ಮತ್ತು ಆಕ್ಸಲ್, ಆಮೇಲೆ ಆಯಿಲ್, ಆಮೇಲೆ ಫಿಲ್ಟರ್ ಮತ್ತು ಸಕ್ಷನ್ ಪೈಪ್ (ಟ್ಯಾಂಕಿನಿಂದ ಪಂಪಿಗೆ ಆಯಿಲ್ ಎಳೆಯುವ ಪೈಪ್), ಆಮೇಲೆ ಒತ್ತಡದ ಪರೀಕ್ಷೆ, ಆಮೇಲೆ ಸಿಲಿಂಡರ್, ಕಟ್ಟಕಡೆಗೆ ಸ್ಟೀರಿಂಗ್ ಯುನಿಟ್ ಮತ್ತು ಪಂಪ್. ಆಯಿಲ್ ಕಡಿಮೆ ಇರುವಾಗ ಒತ್ತಡ ಅಳೆದರೆ ಆ ಅಳತೆಗೆ ಅರ್ಥವಿಲ್ಲ. ಹಿಂದಿನ ಹಂತ ಸರಿ ಎಂದು ಖಚಿತವಾಗದೆ ಮುಂದಿನದಕ್ಕೆ ಹೋಗಬೇಡಿ.

ಇಲ್ಲಿ ಹೇಳುತ್ತಿರುವುದು ಪೂರ್ತಿ ಹೈಡ್ರಾಲಿಕ್ ಸ್ಟೀರಿಂಗ್ ಬಗ್ಗೆ. ಅದರಲ್ಲಿ ಸ್ಟೀರಿಂಗ್ ಚಕ್ರಕ್ಕೂ ಮುಂದಿನ ಚಕ್ರಗಳಿಗೂ ನಡುವೆ ಕಬ್ಬಿಣದ ಜೋಡಣೆ ಇರುವುದಿಲ್ಲ. ಎಂಜಿನ್ ತಿರುಗಿಸುವ ಪಂಪ್ ಟ್ಯಾಂಕಿನಿಂದ ಆಯಿಲ್ ಎಳೆದು ಸ್ಟೀರಿಂಗ್ ಕಂಬದ ಕೆಳಗಿರುವ ಯುನಿಟ್‌ಗೆ ಕಳುಹಿಸುತ್ತದೆ. ನೀವು ಸ್ಟೀರಿಂಗ್ ಚಕ್ರವನ್ನು ಎಷ್ಟು ತಿರುಗಿಸುತ್ತೀರೋ ಅಷ್ಟು ಆಯಿಲನ್ನು ಯುನಿಟ್ ಅಳೆದು ಮುಂದಿನ ಆಕ್ಸಲ್‌ನ ಸಿಲಿಂಡರ್‌ಗೆ ಕೊಡುತ್ತದೆ.

ಶುರು ಮಾಡುವ ಮೊದಲು: ಸುರಕ್ಷತೆ ಮತ್ತು ಸಾಮಾನು

ಸ್ಟೀರಿಂಗ್ ಕೈಕೊಟ್ಟ ಟ್ರ್ಯಾಕ್ಟರನ್ನು ರಸ್ತೆಗೆ ತರಬೇಡಿ. ಟ್ರಾಲಿ ಕಳಚಿ, ನೇಗಿಲನ್ನೋ ರೋಟವೇಟರನ್ನೋ ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ.

ಎರೆ ಹೊಲದಲ್ಲಿ ನಿಂತು ಈ ಕೆಲಸ ಮಾಡಬಾರದು. ಜಾಕ್ ಮಣ್ಣಿನೊಳಗೆ ಇಳಿಯುತ್ತದೆ, ಮೇಲಿಂದ ಬೀಳುವ ದೂಳು ತೆರೆದ ಪೈಪಿನೊಳಗೆ ಹೋಗುತ್ತದೆ. ಗಟ್ಟಿ ನೆಲ ಹುಡುಕಿ. ಜಾಕ್ ಕೆಳಗೆ ದಪ್ಪ ಮರದ ಹಲಗೆ ಇಡಿ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವುದು ಶಹಾಬಾದ್ ಕಲ್ಲಿನ ಚಪ್ಪಡಿ. ಆದರೆ ಭಾರ ಒಂದೇ ಬಿಂದುವಿನ ಮೇಲೆ ಬಿದ್ದಾಗ ಅದು ಸೀಳಬಹುದು, ಅದನ್ನು ನಂಬಬೇಡಿ.

ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವಂಥದ್ದು. ಬರೀ ಮಧ್ಯದಲ್ಲಿ ಜಾಕ್ ಕೊಟ್ಟರೆ ಟ್ರ್ಯಾಕ್ಟರ್ ಒಂದು ಕಡೆಗೆ ವಾಲಬಹುದು. ಎತ್ತಿದ ಮೇಲೆ ಎರಡೂ ಬದಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೂ ಚಾಸಿಗೂ ನಡುವೆ ಮರದ ತುಂಡು ಹೊಡೆದು ತೂಗಾಟ ನಿಲ್ಲಿಸಿ.

ಪೈಪಿನ ಸೋರಿಕೆಯನ್ನು ಬರಿಗೈಯಿಂದ ಸವರಿ ಹುಡುಕುವ ಅಭ್ಯಾಸ ಬಹಳ ಅಪಾಯಕಾರಿ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ನೋವೂ ಮೊದಲಿಗೆ ಕಡಿಮೆ. ಕೆಲವು ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ, ಕೈಯನ್ನೇ ಕಳೆದುಕೊಳ್ಳುವ ಸಾಧ್ಯತೆ ಇದೆ. ರಟ್ಟಿನ ತುಂಡನ್ನು ಪೈಪಿನ ಹತ್ತಿರ ಹಿಡಿದು ನೋಡಿ. ಅಪ್ಪಿತಪ್ಪಿ ಹೀಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಆಯಿಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ.

ಬೇಕಾಗುವ ಸಾಮಾನು: ಪಾನಾ ಸೆಟ್, ಜಾಕ್, ಎರಡು ಸ್ಟ್ಯಾಂಡ್, ಗ್ರೀಸ್ ಗನ್, ಟೈರ್ ಗಾಳಿ ಅಳೆಯುವ ಗೇಜ್, ಟಾರ್ಚ್, ಕನ್ನಡಕ, ಶುಭ್ರವಾದ ಪಾತ್ರೆ, ಎಳೆ ಬಿಡದ ಬಟ್ಟೆ. ಒತ್ತಡದ ಪರೀಕ್ಷೆಗೆ 0ರಿಂದ 250 ಬಾರ್ ವರೆಗಿನ ಹೈಡ್ರಾಲಿಕ್ ಗೇಜ್, ಟಿ ಜಾಯಿಂಟ್, ಪೈಪ್ ಬಾಯಿಗಳನ್ನು ಮುಚ್ಚಲು ಉಕ್ಕಿನ ಪ್ಲಗ್‌ಗಳು ಬೇಕು. ಗೇಜ್ ಕೊಳ್ಳಬೇಕೆಂದಿಲ್ಲ, ಹೈಡ್ರಾಲಿಕ್ ಪೈಪ್ ಮಾಡುವ ಅಂಗಡಿಯವರನ್ನೋ ಜೆಸಿಬಿ ರಿಪೇರಿ ಮಾಡುವ ಮಿಸ್ತ್ರಿಯನ್ನೋ ಕೇಳಿ ನೋಡಿ. ಮಾದರಿಯ ಕೈಪಿಡಿ ಇದ್ದರೆ ಅರ್ಧ ಕೆಲಸ ಹಗುರ.

1. ಲಕ್ಷಣವನ್ನು ಸರಿಯಾಗಿ ಗುರುತಿಸಿ

"ಸ್ಟೀರಿಂಗ್ ಭಾರವಾಗಿದೆ" ಎಂದಷ್ಟೇ ಹೇಳಿದರೆ ಮಿಸ್ತ್ರಿಗೂ ತಿಳಿಯುವುದಿಲ್ಲ. ಯಾವಾಗ, ಯಾವ ಕಡೆಗೆ, ಎಷ್ಟು ಹೊತ್ತು ಓಡಿಸಿದ ಮೇಲೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಒಮ್ಮೆ, ಒಂದು ತಾಸು ದುಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಎಂಜಿನ್ ನಿಧಾನವಾಗಿರುವಾಗ ಭಾರ, ರೇಸ್ ಕೊಟ್ಟರೆ ಹಗುರ: ಆಯಿಲಿನ ಹರಿವು ಸಾಲುತ್ತಿಲ್ಲ. ಸಕ್ಷನ್ ಕಡೆ ಅಥವಾ ಪಂಪ್ ಸವೆತ.

ರೇಸ್ ಎಷ್ಟು ಕೊಟ್ಟರೂ ಒಂದೇ ರೀತಿ ಭಾರ: ಆಕ್ಸಲ್ ಬಿಗಿತ ಅಥವಾ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ಆಯಿಲನ್ನು ಹಿಂದಕ್ಕೆ ಬಿಡುವ ವಾಲ್ವ್).

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಭಾರ: ಒಳಗೆ ಎಲ್ಲೋ ಸೋರಿಕೆ. ಬಿಸಿ ಆಯಿಲ್ ತೆಳುವಾಗಿ ಸವೆದ ಸಂದಿನಲ್ಲಿ ನುಸುಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿದಾಗ ಮೊದಲ ಸಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ದೋಷವೇ.

ಒಂದೇ ಕಡೆಗೆ ಭಾರ: ಆ ಕಡೆಯ ಪೈಪ್ ಮಡಚಿರಬಹುದು, ಸಿಲಿಂಡರ್ ರಾಡ್ ಬಾಗಿರಬಹುದು, ಯುನಿಟ್ಟಿನ ಒಂದು ಬದಿಯ ವಾಲ್ವ್ ಕೂರದೆ ಇರಬಹುದು.

ಕೈಯಲ್ಲಿ ಚಕ್ರ ಸುತ್ತುತ್ತದೆ, ಮುಂದಿನ ಗಾಲಿ ತಿರುಗುವುದಿಲ್ಲ: ಆಯಿಲ್ ಕಡಿಮೆ, ಒಳಗೆ ಗಾಳಿ, ಅಥವಾ ಸಿಲಿಂಡರ್, ಯುನಿಟ್‌ಗಳಲ್ಲಿ ಸೋರಿಕೆ. ಟ್ರ್ಯಾಕ್ಟರನ್ನು ತಕ್ಷಣ ನಿಲ್ಲಿಸಬೇಕಾದ ಲಕ್ಷಣ ಇದು.

ಯಾವ ಸಾಮಾನೂ ಬೇಡದ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಬಂದ್ ಮಾಡಿ ಸ್ಟೀರಿಂಗ್ ತಿರುಗಿಸಿ. ಬಹಳ ಭಾರವಾಗಿರುವುದು ಸಹಜ, ಆದರೂ ಗಾಲಿ ಅಲುಗಬೇಕು. ಈಗ ಎಂಜಿನ್ ಶುರು ಮಾಡಿ ತಿರುಗಿಸಿ. ಎರಡರ ನಡುವೆ ವ್ಯತ್ಯಾಸವೇ ತಿಳಿಯದಿದ್ದರೆ ಒತ್ತಡ ಯುನಿಟ್‌ಗೆ ಬರುತ್ತಲೇ ಇಲ್ಲ.

ಲೆಕ್ಕ ಮೀರಿ ತುಂಬಿದ ಕಬ್ಬಿನ ಟ್ರಾಲಿಯ ಭಾರಕ್ಕೆ ಟ್ರ್ಯಾಕ್ಟರಿನ ಮೂತಿ ಎದ್ದರೆ ಸ್ಟೀರಿಂಗ್ ಹಗುರಾಗಿ, ಗಾಲಿ ತಿರುಗಿದರೂ ಗಾಡಿ ತಿರುಗುವುದಿಲ್ಲ. ಅದು ಪವರ್ ಸ್ಟೀರಿಂಗಿನ ದೋಷವಲ್ಲ, ಹೊರೆಯ ದೋಷ. ಭಾಲ್ಕಿ, ಹುಮನಾಬಾದ್, ಅಫಜಲಪುರ ರಸ್ತೆಗಳಲ್ಲಿ ಟ್ರಾಲಿ ಎಳೆಯುವವರು ಇವೆರಡನ್ನೂ ಒಂದೇ ಎಂದುಕೊಳ್ಳಬಾರದು.

2. ಗಾಲಿ, ಆಕ್ಸಲ್, ಕಿಂಗ್ ಪಿನ್

ಬಹಳಷ್ಟು ಹಳೆಯ ಟ್ರ್ಯಾಕ್ಟರುಗಳ ದೋಷ ಇಲ್ಲೇ ಸಿಗುತ್ತದೆ, ಆದ್ದರಿಂದ ಈ ಹಂತಕ್ಕೆ ಪೂರ್ತಿ ಸಮಯ ಕೊಡಿ.

ಮೊದಲು ಮುಂದಿನ ಟೈರಿನ ಗಾಳಿ ಅಳೆಯಿರಿ. ಕೈಯಿಂದ ಒತ್ತಿ ನೋಡುವುದು ಅಳತೆಯಲ್ಲ. 6.00-16 ಅಳತೆಯ ಮುಂದಿನ ಟೈರ್ ಆದರೆ ಸಾಮಾನ್ಯವಾಗಿ 30 ಪಿಎಸ್‌ಐ ಆಸುಪಾಸು ಬೇಕಾಗುತ್ತದೆ, ನಿಮ್ಮ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಗಾಳಿ ಇಳಿದ ಟೈರ್ ನೆಲಕ್ಕೆ ಅಗಲವಾಗಿ ಅಂಟಿ ಒಳ್ಳೆಯ ಪಂಪನ್ನೂ ಸುಸ್ತು ಮಾಡುತ್ತದೆ. ಮುಂದೆ ಹೆಚ್ಚುವರಿ ತೂಕದ ಕಬ್ಬಿಣ ಅಥವಾ ಲೋಡರ್ ಇದ್ದರೆ ತೆಗೆದು ನೋಡಿ.

ಈಗ ಮುಂಭಾಗವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಬಂದ್ ಇರಲಿ. ಸಿಲಿಂಡರ್ ರಾಡನ್ನು ಸ್ಟೀರಿಂಗ್ ಆರ್ಮ್‌ನಿಂದ ಕಳಚಿ. ಕೆಲವು ಮಾದರಿಗಳಲ್ಲಿ ಸಿಲಿಂಡರ್ ಆಕ್ಸಲ್ ನಡುವೆ ಕೂತು ರಾಡ್ ಎರಡೂ ಕಡೆ ಬಂದಿರುತ್ತದೆ, ಅಲ್ಲಿ ಎರಡೂ ಬದಿಯ ಟೈ ರಾಡ್ (ಗಾಲಿಗೆ ಜೋಡಿಸುವ ಸರಳು) ಕಳಚಬೇಕು. ಆಮೇಲೆ ಗಾಲಿಗಳನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಎಲ್ಲೂ ಹಿಡಿಯದೆ ಸರಾಗವಾಗಿ ಹೋಗಬೇಕು. ಮೈಭಾರ ಹಾಕಿ ನೂಕಬೇಕಾಗಿ ಬಂದರೆ ನಿಮ್ಮ ದೋಷ ಸಿಕ್ಕಿತು: ಹೈಡ್ರಾಲಿಕ್‌ನಲ್ಲಿ ಏನೂ ಬಿಚ್ಚಬೇಕಾಗಿಲ್ಲ.

ಕಿಂಗ್ ಪಿನ್‌ನ ಗ್ರೀಸ್ ನಿಪ್ಪಲ್‌ಗೆ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಒತ್ತಿ. ಭಾರ ಗಾಲಿಯ ಮೇಲಿರುವಾಗ ಒತ್ತಡ ಬೀಳುವ ಬದಿಗೆ ಗ್ರೀಸ್ ಹೋಗುವುದಿಲ್ಲ, ಹಾಗಾಗಿ ಎತ್ತಿದ ಸ್ಥಿತಿಯಲ್ಲೇ ಮಾಡಿ. ಗ್ರೀಸ್ ಒಳಗೆ ಹೋಗದಿದ್ದರೆ ನಿಪ್ಪಲ್ ಬದಲಿಸಿ. ಆಗಲೂ ಹೋಗದಿದ್ದರೆ ಒಳದಾರಿಯಲ್ಲಿ ಮಣ್ಣು ಗಟ್ಟಿಯಾಗಿದೆ, ಪಿನ್ ಹೊರತೆಗೆದು ಸ್ವಚ್ಛ ಮಾಡದೆ ಬೇರೆ ದಾರಿಯಿಲ್ಲ. ಶಹಾಪುರ, ಸುರಪುರ ಕಡೆಯ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಕೆಸರು ಮಾಡುವ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯ. ಕೆಸರು ನೀರು ಪಿನ್ ಒಳಗೆ ಇಳಿದು, ಒಣಗಿ, ಬುಷ್ ತಿನ್ನುತ್ತದೆ. ಗದ್ದೆಯಿಂದ ಹೊರಬಂದ ದಿನವೇ ತೊಳೆದು ಗ್ರೀಸ್ ಹೊಡೆದರೆ ಈ ಕಾಟ ಇರುವುದಿಲ್ಲ.

ಟೈ ರಾಡ್ ತುದಿಯ ಬಾಲ್ ಜಾಯಿಂಟ್, ಗಾಲಿಯ ಬೇರಿಂಗ್, ಆಕ್ಸಲ್ ನಡುವಿನ ಪಿನ್ ಇವುಗಳನ್ನೂ ಅಲುಗಾಡಿಸಿ ನೋಡಿ. ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ ಗಾಲಿಗಳ ನೇರ ತಪ್ಪಿದೆ, ಟೈ ರಾಡ್ ಉದ್ದವನ್ನು ಕೈಪಿಡಿಯ ಅಳತೆಗೆ ತನ್ನಿ.

3. ಆಯಿಲ್: ಮಟ್ಟ, ಬಣ್ಣ, ವಾಸನೆ

ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್‌ಗೆ ಪ್ರತ್ಯೇಕ ಸಣ್ಣ ಟ್ಯಾಂಕ್ ಇರುತ್ತದೆ, ಕೆಲವುಗಳಲ್ಲಿ ಗೇರ್‌ಬಾಕ್ಸಿನ ಆಯಿಲೇ ಸ್ಟೀರಿಂಗ್‌ಗೂ ಲಿಫ್ಟ್‌ಗೂ ಹೋಗುತ್ತದೆ. ಎರಡನೆಯ ಬಗೆಯಲ್ಲಿ ಲಿಫ್ಟ್ ಕೂಡ ನಿಧಾನವಾಗಿದ್ದರೆ ಎರಡಕ್ಕೂ ಸೇರಿದ ಆಯಿಲ್, ಫಿಲ್ಟರ್ ಕಡೆಗೇ ಗಮನ ಕೊಡಿ.

ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ದೂಳನ್ನು ಒರೆಸಿ. ಮಟ್ಟ ನೋಡಿದ ಮೇಲೆ ಸ್ವಲ್ಪ ಆಯಿಲನ್ನು ಗಾಜಿನ ಬಾಟಲಿಗೆ ತೆಗೆದು ರಾತ್ರಿಯಿಡೀ ಬಿಡಿ. ಹಾಲಿನ ಬಣ್ಣವಿದ್ದರೆ, ತಳದಲ್ಲಿ ನೀರು ನಿಂತರೆ, ಟ್ಯಾಂಕಿಗೆ ಮಳೆ ನೀರೋ ತೊಳೆಯುವ ನೀರೋ ಹೋಗಿದೆ. ಮೇಲೆ ನೊರೆ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಕಾಯುತ್ತಿದೆ. ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿಂಚಿದರೆ ಪಂಪ್ ಅಥವಾ ಯುನಿಟ್ ಒಳಗೆ ತಿಕ್ಕಾಟ ನಡೆದಿದೆ.

ಎಂಜಿನ್‌ನಿಂದ ತೆಗೆದ ಹಳೆಯ ಆಯಿಲನ್ನು ಸ್ಟೀರಿಂಗ್ ಟ್ಯಾಂಕಿಗೆ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ಅದರಲ್ಲಿರುವ ಮಸಿ ಮತ್ತು ಪುಡಿ ಯುನಿಟ್ಟಿನ ಕೂದಲೆಳೆಯಷ್ಟು ಸಂದುಗಳನ್ನು ಗೀಚಿ ಹಾಳುಮಾಡುತ್ತದೆ. ಬ್ರೇಕ್ ಆಯಿಲಂತೂ ಹನಿಯೂ ಬೇಡ. ಹೈಡ್ರಾಲಿಕ್ ಸೀಲ್‌ಗಳ ರಬ್ಬರ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಮಾತ್ರ ಹಾಕಿ. ಈಗಾಗಲೇ ಏನೇನೋ ಬೆರೆತಿದ್ದರೆ ಮೇಲಿಂದ ತುಂಬುವುದು ಪರಿಹಾರವಲ್ಲ, ಟ್ಯಾಂಕ್, ಪೈಪ್, ಸಿಲಿಂಡರ್ ಎಲ್ಲವನ್ನೂ ಖಾಲಿ ಮಾಡಿ ಹೊಸದಾಗಿ ತುಂಬಬೇಕು. ಹಳೆಯದನ್ನು ಬದುವಿಗೋ ಹಳ್ಳಕ್ಕೋ ಚೆಲ್ಲದೆ ಡಬ್ಬಿಯಲ್ಲಿ ಕೂಡಿಡಿ.

ಆಯಿಲ್ ಹೊರಗೆ ಎಲ್ಲೂ ಸೋರುತ್ತಿಲ್ಲ, ಆದರೂ ಟ್ಯಾಂಕಿನಲ್ಲಿ ಇಳಿಯುತ್ತಲೇ ಇದೆ ಎಂದಾದರೆ ಎಂಜಿನ್ ಆಯಿಲಿನ ಕಡ್ಡಿ ತೆಗೆದು ನೋಡಿ. ಅಲ್ಲಿ ಮಟ್ಟ ಏರಿದ್ದರೆ, ಟೈಮಿಂಗ್ ಗೇರ್‌ನಿಂದ ತಿರುಗುವ ಪಂಪಿನ ಶಾಫ್ಟ್ ಸೀಲ್ ಹೋಗಿ ಸ್ಟೀರಿಂಗ್ ಆಯಿಲ್ ಎಂಜಿನ್ ಒಳಗೆ ಸೇರುತ್ತಿರಬಹುದು. ಎಂಜಿನ್ ಆಯಿಲ್ ಡೀಸೆಲ್ ವಾಸನೆ ಹೊಡೆದರೆ ಕಾರಣ ಬೇರೆ. ಎರಡರಲ್ಲಿ ಯಾವುದಾದರೂ ಎಂಜಿನ್ ಓಡಿಸುವುದನ್ನು ಮುಂದುವರಿಸಬೇಡಿ.

4. ಫಿಲ್ಟರ್, ಉಸಿರುತೂತು, ಸಕ್ಷನ್ ಪೈಪ್

ಫಿಲ್ಟರ್ ಎಷ್ಟು ದಿನದ್ದು ಎಂದು ನೆನಪಿಲ್ಲದಿದ್ದರೆ ಬದಲಿಸಿ. ಜಾಲರಿ ಬಗೆಯದಾದರೆ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣ ತೂತು ಇರುತ್ತದೆ. ತೊಗರಿ ರಾಶಿಯ ಹೊಟ್ಟು, ಹತ್ತಿಯ ಎಳೆ, ಎರೆ ಮಣ್ಣಿನ ದೂಳು ಆಯಿಲಿನ ಜಿಡ್ಡಿಗೆ ಅಂಟಿ ಅದನ್ನು ಮುಚ್ಚುತ್ತವೆ. ಆಗ ಪಂಪ್ ಆಯಿಲ್ ಎಳೆಯಲು ಒದ್ದಾಡುತ್ತದೆ.

ಟ್ಯಾಂಕಿನಿಂದ ಪಂಪಿಗೆ ಹೋಗುವ ದಪ್ಪ ಪೈಪ್ ಹಳೆಯದಾದರೆ ಒಳಪದರ ಮೆತ್ತಗಾಗಿ, ರೇಸ್ ಕೊಟ್ಟಾಗ ಒಳಕ್ಕೆ ಚಪ್ಪಟೆಯಾಗುತ್ತದೆ. ಎಂಜಿನ್ ಓಡುತ್ತಿರುವಾಗ ಟಾರ್ಚ್ ಹಿಡಿದು ಗಮನಿಸಿ, ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ಹೆಗಲ ಮೇಲಿನ ಟವೆಲ್ ದೂರವಿರಲಿ. ಈ ಪೈಪಿನ ಕ್ಲಿಪ್ ಸಡಿಲವಾಗಿದ್ದರೆ ಆಯಿಲ್ ಹೊರಗೆ ಹನಿಯದೆಯೂ ಗಾಳಿ ಒಳಗೆ ಹೋಗಬಲ್ಲದು. ಅನುಮಾನ ಬಂದ ಜೋಡಣೆಯ ಮೇಲೆ ಸ್ವಲ್ಪ ಆಯಿಲ್ ಸುರಿಯಿರಿ, ಪಂಪಿನ ಕೊರೆಯುವ ಸದ್ದು ಕ್ಷಣಕಾಲ ಬದಲಾದರೆ ಗಾಳಿ ಹೋಗುತ್ತಿರುವುದು ಅಲ್ಲಿಂದಲೇ. ಪಂಪ್ ಬೆಲ್ಟ್‌ನಿಂದ ತಿರುಗುವುದಾದರೆ ಬೆಲ್ಟ್ ಜಾರುತ್ತಿದೆಯೇ ಎಂಬುದನ್ನೂ ನೋಡಿ.

5. ಗಾಳಿ ಹೊರತೆಗೆಯುವುದು

ಟ್ಯಾಂಕ್ ತುಂಬಿಸಿ, ಮುಂದಿನ ಗಾಲಿಗಳು ನೆಲ ಬಿಟ್ಟಿರುವಂತೆಯೇ ಎಂಜಿನನ್ನು ಅತಿ ನಿಧಾನದಲ್ಲಿ ಓಡಿಸಿ. ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತ ಹೋಗಿ, ತುದಿಯಲ್ಲಿ ಒತ್ತಿ ಹಿಡಿಯಬೇಡಿ. ಟ್ಯಾಂಕಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಮಾಡಿ, ನಡುನಡುವೆ ಮಟ್ಟ ಇಳಿದಷ್ಟು ಆಯಿಲ್ ಸೇರಿಸಿ. ಅವಸರದಲ್ಲಿ ರೇಸ್ ಕೊಟ್ಟರೆ ಗಾಳಿ ಆಯಿಲಿನಲ್ಲಿ ಕಡೆದು ನೊರೆಯಾಗುತ್ತದೆ. ಆಗ ಎಂಜಿನ್ ಬಂದ್ ಮಾಡಿ ನೊರೆ ಇಳಿಯುವ ತನಕ ಕಾಯಬೇಕು.

6. ಒತ್ತಡ ಅಳೆಯುವುದು

ಇಲ್ಲಿಯವರೆಗೂ ದೋಷ ಸಿಗದಿದ್ದರೆ ಮಾತ್ರ ಗೇಜ್ ಹಿಡಿಯಿರಿ. ಎಂಜಿನ್ ಬಂದ್ ಮಾಡಿ, ಸ್ಟೀರಿಂಗನ್ನು ಎರಡೂ ಕಡೆ ಅಲುಗಾಡಿಸಿ ಉಳಿದ ಒತ್ತಡ ಇಳಿಸಿ. ಪಂಪಿನಿಂದ ಯುನಿಟ್‌ಗೆ ಹೋಗುವ ಪೈಪಿನಲ್ಲಿ ಟಿ ಜಾಯಿಂಟ್ ಮೂಲಕ ಗೇಜ್ ಜೋಡಿಸಿ.

ಗೇಜನ್ನು ಪಂಪಿನ ಬಾಯಿಗೆ ನೇರವಾಗಿ ಬಿಗಿದು, ಆಯಿಲಿಗೆ ಬೇರೆ ದಾರಿಯಿಲ್ಲದಂತೆ ಎಂಜಿನ್ ಶುರು ಮಾಡಬೇಡಿ. ಹಲವು ಟ್ರ್ಯಾಕ್ಟರುಗಳಲ್ಲಿ ರಿಲೀಫ್ ವಾಲ್ವ್ ಇರುವುದು ಯುನಿಟ್ ಒಳಗೆ. ಅದನ್ನು ತಪ್ಪಿಸಿದರೆ ಪಂಪ್ ಕ್ಷಣದಲ್ಲಿ ಒಡೆಯಬಹುದು.

ಆಯಿಲ್ ದುಡಿಮೆಯ ಬಿಸಿಗೆ ಬಂದ ಮೇಲೆ ಸ್ಟೀರಿಂಗನ್ನು ಒಂದು ತುದಿಗೆ ತಿರುಗಿಸಿ ಒತ್ತಿ ಹಿಡಿದು ಗೇಜ್ ಓದಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಆಯಿಲ್ ಬೇಗ ಕಾಯುತ್ತದೆ. ಇನ್ನೊಂದು ತುದಿಯಲ್ಲೂ ಓದಿ. ನಿಧಾನ ಎಂಜಿನ್‌ನಲ್ಲಿ ಒಮ್ಮೆ, ದುಡಿಮೆಯ ವೇಗದಲ್ಲಿ ಒಮ್ಮೆ, ಹೀಗೆ ನಾಲ್ಕು ಓದುಗಳನ್ನು ಬರೆದುಕೊಳ್ಳಿ. ಎಷ್ಟು ಬಾರ್ ಬರಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿರುವ ಸಂಖ್ಯೆಯನ್ನೇ ಹಿಡಿಯಿರಿ.

ಒತ್ತಡ ಸರಿಯಿದ್ದೂ ಸ್ಟೀರಿಂಗ್ ಭಾರವಾಗಿದ್ದರೆ ಎರಡನೇ ಹಂತಕ್ಕೆ ಹಿಂತಿರುಗಿ, ಬಿಗಿತ ಹೆಚ್ಚಾಗಿ ಆಕ್ಸಲ್‌ನಲ್ಲಿರುತ್ತದೆ. ಎಂಜಿನ್ ವೇಗ ಏನೇ ಇರಲಿ ಒತ್ತಡ ಒಂದೇ ಕಡಿಮೆ ಸಂಖ್ಯೆಯಲ್ಲಿ ನಿಂತರೆ ರಿಲೀಫ್ ವಾಲ್ವ್ ಮೇಲೆ ಅನುಮಾನ. ರೇಸ್ ಜೊತೆಗೆ ಒತ್ತಡವೂ ಏರಿದರೆ ಪಂಪ್ ಸವೆದಿದೆ ಅಥವಾ ಮುಂದೆ ಎಲ್ಲೋ ಆಯಿಲ್ ನುಸುಳುತ್ತಿದೆ. ಯಾವುದೆಂದು ಮುಂದಿನ ಎರಡು ಹಂತ ಹೇಳುತ್ತವೆ.

7. ಸಿಲಿಂಡರ್ ಒಳಸೋರಿಕೆ

ಸಿಲಿಂಡರ್ ರಾಡನ್ನು ಒರೆಸಿ, ಬೆರಳ ತುದಿಯಿಂದ ಸವರಿ. ಎಂಜಿನ್ ಬಂದ್ ಇರಲಿ. ಗೀಚು, ತುಕ್ಕಿನ ಗುಳಿ ಇದ್ದರೆ ಹೊಸ ಸೀಲ್ ಕೂಡ ಹೆಚ್ಚು ಕಾಲ ಬಾಳುವುದಿಲ್ಲ, ರಾಡನ್ನೇ ಸರಿಪಡಿಸಬೇಕು. ಹೊರಗಿನ ಸೋರಿಕೆ ಕಣ್ಣಿಗೆ ಕಾಣುತ್ತದೆ. ಕಾಡುವುದು ಒಳಗಿನದು: ಪಿಸ್ಟನ್ ಸೀಲ್ ಸವೆದು ಆಯಿಲ್ ಒತ್ತಡದ ಬದಿಯಿಂದ ಖಾಲಿ ಬದಿಗೆ ದಾಟುತ್ತದೆ, ಹೊರಗೆ ಒಂದು ಹನಿಯೂ ಬೀಳುವುದಿಲ್ಲ.

ಇದನ್ನು ಹಿಡಿಯುವುದು ಹೀಗೆ. ಸ್ಟೀರಿಂಗನ್ನು ಪೂರ್ತಿ ಒಂದು ತುದಿಗೆ, ಉದಾಹರಣೆಗೆ ಎಡಕ್ಕೆ, ತಿರುಗಿಸಿ ಎಂಜಿನ್ ಬಂದ್ ಮಾಡಿ. ಆ ಸ್ಥಿತಿಯಲ್ಲಿ ಒತ್ತಡವಿಲ್ಲದ, ಅಂದರೆ ಆಯಿಲ್ ಹಿಂತಿರುಗುವ ಬದಿಯ ಪೈಪನ್ನು ಸಿಲಿಂಡರ್‌ನಿಂದ ಬಿಚ್ಚಿ. ಪೈಪಿನ ಬಾಯಿಗೆ ಉಕ್ಕಿನ ಪ್ಲಗ್ ಬಿಗಿಯಿರಿ, ಸಿಲಿಂಡರ್‌ನ ತೆರೆದ ಬಾಯಿಯ ಕೆಳಗೆ ಪಾತ್ರೆ ಇಡಿ. ಯಾರೂ ಹತ್ತಿರ ನಿಲ್ಲದಂತೆ ನೋಡಿಕೊಂಡು ಎಂಜಿನನ್ನು ನಿಧಾನದಲ್ಲಿ ಶುರು ಮಾಡಿ, ಸ್ಟೀರಿಂಗನ್ನು ಮತ್ತೆ ಎಡಕ್ಕೇ ಒತ್ತಿ. ಬಲಕ್ಕೆ ತಿರುಗಿಸಬಾರದು. ಒಳಗೆ ಉಳಿದಿದ್ದ ನಾಲ್ಕು ಹನಿ ಬಿದ್ದು ನಿಂತರೆ ಸೀಲ್ ಚೆನ್ನಾಗಿದೆ. ಒತ್ತಿದಷ್ಟು ಹೊತ್ತೂ ಧಾರೆ ಬಂದರೆ ಸೀಲ್ ಹೋಗಿದೆ. ಸೀಲ್ ಕಿಟ್ಟಿನ ಬೆಲೆ ಪಂಪಿನ ಬೆಲೆಗೆ ಹೋಲಿಸಿದರೆ ಬಹಳ ಕಡಿಮೆ, ಈ ಪರೀಕ್ಷೆ ಬಿಟ್ಟು ಪಂಪ್ ಕೊಳ್ಳಲು ಹೋಗಬೇಡಿ.

8. ಸ್ಟೀರಿಂಗ್ ಯುನಿಟ್

ಸಿಲಿಂಡರ್ ಸರಿ ಎಂದಾದರೆ, ಯುನಿಟ್‌ನಿಂದ ಸಿಲಿಂಡರ್‌ಗೆ ಹೋಗುವ ಎರಡೂ ಪೈಪುಗಳನ್ನು ಯುನಿಟ್ ಹತ್ತಿರ ಬಿಚ್ಚಿ, ಯುನಿಟ್ಟಿನ ಆ ಎರಡು ಬಾಯಿಗಳಿಗೆ ಒತ್ತಡ ತಾಳುವ ಉಕ್ಕಿನ ಪ್ಲಗ್ ಬಿಗಿಯಿರಿ. ಬಿಚ್ಚುವ ಮೊದಲೇ ಪ್ರತಿ ಪೈಪಿಗೂ ಬಣ್ಣದ ಗುರುತು ಹಾಕಿ. ಎಂಜಿನ್ ನಿಧಾನದಲ್ಲಿರುವಾಗ ಸ್ಟೀರಿಂಗ್ ತಿರುಗಿಸಿ ನೋಡಿ. ಚಕ್ರ ಬಿಗಿಯಾಗಿ ನಿಲ್ಲಬೇಕು, ಗಟ್ಟಿಯಾಗಿ ಒತ್ತಿದರೆ ನಿಧಾನವಾಗಿ ಸ್ವಲ್ಪ ಜಾರುವುದು ಸಹಜ. ಸಲೀಸಾಗಿ ಸುತ್ತುತ್ತ ಹೋದರೆ ಯುನಿಟ್ ಒಳಗೆ ಸವೆದಿದೆ.

ರಿಲೀಫ್ ವಾಲ್ವ್‌ಗೆ ಕಸ ಸಿಕ್ಕಿಕೊಂಡಿದ್ದರೆ ಬಿಚ್ಚಿ ತೊಳೆದರೆ ಸಾಕಾಗುತ್ತದೆ. ಸ್ಕ್ರೂ ಎಷ್ಟು ಸುತ್ತು ಒಳಗಿತ್ತು ಎಂದು ಎಣಿಸಿಟ್ಟುಕೊಳ್ಳಿ. ಗೇಜ್ ಇಲ್ಲದೆ ಅದನ್ನು ಬಿಗಿಯುವುದು ದೊಡ್ಡ ತಪ್ಪು. ಸವೆದ ಪಂಪಿನ ಒತ್ತಡ ಅದರಿಂದ ಏರುವುದಿಲ್ಲ, ಪಂಪ್ ಚೆನ್ನಾಗಿದ್ದರೆ ಪೈಪ್ ಸಿಡಿಯಬಹುದು.

ಯುನಿಟನ್ನು ಪೂರ್ತಿ ಬಿಚ್ಚುವ ಕೆಲಸವನ್ನು ಹೈಡ್ರಾಲಿಕ್ ತಿಳಿದವರಿಗೇ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಳಗಿನ ಗೇರಿನಂಥ ಭಾಗವನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೂ, ಎಂಜಿನ್ ಶುರುವಾದ ಕೂಡಲೇ ಸ್ಟೀರಿಂಗ್ ಚಕ್ರ ತನ್ನಷ್ಟಕ್ಕೆ ರಭಸದಿಂದ ತಿರುಗಿ ಕೈ ಮುರಿಯಬಲ್ಲದು. ಹೊಸದಾಗಿ ಜೋಡಿಸಿದ ಯುನಿಟ್ ಇದ್ದರೆ ಮೊದಲ ಸಲ ಶುರು ಮಾಡುವಾಗ ಚಕ್ರದ ಕಡ್ಡಿಗಳ ನಡುವೆ ಕೈ ಇಡಬೇಡಿ.

9. ಪಂಪ್

ಎಂಟನೇ ಹಂತದಲ್ಲಿ ಹಾಕಿದ ಆ ಎರಡು ಪ್ಲಗ್ ಇದ್ದ ಸ್ಥಿತಿಯಲ್ಲೇ, ಸ್ಟೀರಿಂಗ್ ಚಕ್ರವನ್ನು ಒತ್ತಿ ಹಿಡಿದು ಗೇಜ್ ಮತ್ತೆ ಓದಿ. ಚಕ್ರ ಬಿಗಿಯಾಗಿ ನಿಂತಿದೆ, ರಿಲೀಫ್ ವಾಲ್ವ್ ಸ್ವಚ್ಛವಾಗಿದೆ, ಸಕ್ಷನ್ ಕಡೆ ದೋಷವಿಲ್ಲ, ಆದರೂ ಒತ್ತಡ ಕಡಿಮೆ ಇದ್ದು ರೇಸ್‌ಗೆ ತಕ್ಕಂತೆ ಏರಿಳಿಯುತ್ತದೆ ಎಂದಾದರೆ ಪಂಪ್ ಬದಲಿಸಿ. ಹಳೆಯ ಪಂಪಿನ ತಟ್ಟೆಯ ಮೇಲಿನ ಸಂಖ್ಯೆ ಮತ್ತು ತಿರುಗುವ ದಿಕ್ಕಿನ ಬಾಣ ಹೊಸದಕ್ಕೆ ಹೊಂದಬೇಕು. ಹಾಕುವ ಮೊದಲು ಹೊಸ ಪಂಪಿನೊಳಗೆ ಆಯಿಲ್ ಸುರಿದು ಕೈಯಿಂದ ತಿರುಗಿಸಿ, ಒಣಗಿದ ಪಂಪ್ ಮೊದಲ ನಿಮಿಷದಲ್ಲೇ ಸವೆಯುತ್ತದೆ. ಹಳೆಯ ಪಂಪಿನ ಲೋಹದ ಪುಡಿ ವ್ಯವಸ್ಥೆಯಲ್ಲಿ ಹರಡಿರುವುದರಿಂದ ಟ್ಯಾಂಕ್ ತೊಳೆದು, ಆಯಿಲ್, ಫಿಲ್ಟರ್ ಎರಡನ್ನೂ ಹೊಸದು ಹಾಕಿ.

10. ಜೋಡಿಸಿದ ಮೇಲೆ

ಬಣ್ಣದ ಗುರುತು ನೋಡಿ ಪೈಪ್ ಕೂರಿಸಿ. ಸಿಲಿಂಡರ್‌ನ ಎರಡು ಪೈಪ್ ಅದಲುಬದಲಾದರೆ ಎಡಕ್ಕೆ ತಿರುಗಿಸಿದಾಗ ಗಾಲಿ ಬಲಕ್ಕೆ ಹೋಗುತ್ತದೆ. ಇದನ್ನು ಗಾಲಿ ಎತ್ತಿರುವಾಗಲೇ ಪರೀಕ್ಷಿಸಿ, ಆಮೇಲೆ ಐದನೇ ಹಂತದಂತೆ ಗಾಳಿ ತೆಗೆಯಿರಿ. ಕಳಚಿದ್ದ ಬಾಲ್ ಜಾಯಿಂಟ್‌ಗಳಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ.

ಮೊದಲು ಟ್ರಾಲಿ ಇಲ್ಲದೆ ಖಾಲಿ ಬಯಲಿನಲ್ಲಿ ಓಡಿಸಿ, ಎರಡೂ ಕಡೆ ಪೂರ್ತಿ ತಿರುಗಿಸಿ. ಒಂದು ತಾಸಿನ ಕೆಲಸದ ನಂತರ ನಿಲ್ಲಿಸಿ ಪ್ರತಿ ಜೋಡಣೆಗೂ ಒಣ ರಟ್ಟು ಹಿಡಿದು ನೋಡಿ, ಟ್ಯಾಂಕಿನ ಮಟ್ಟ ಪರೀಕ್ಷಿಸಿ. ಮರುದಿನ ಬೆಳಗ್ಗೆ ಟ್ರ್ಯಾಕ್ಟರ್ ನಿಂತಿದ್ದ ಜಾಗದಲ್ಲಿ ಆಯಿಲ್ ಕಲೆ ಇಲ್ಲ, ಎಂಜಿನ್ ಆಯಿಲಿನ ಮಟ್ಟ ಬದಲಾಗಿಲ್ಲ ಎಂದು ಖಚಿತವಾದ ಮೇಲೆ ಟ್ರಾಲಿ ಹೂಡಿ ರಸ್ತೆಗೆ ತನ್ನಿ.